ಆಸ್ಟ್ರೇಲಿಯಾದ ನೆಲದಡಿಯನ್ನು ಗ್ರಾವಿಟಿ ಡೇಟಾದಿಂದ ಓದುವುದು ಹೇಗೆ: ಮೊದಲು ಚುಕ್ಕಿ, ಆಮೇಲೆ ಬಣ್ಣ

ಭೂಮಿಯ ಎಳೆತ ಎಲ್ಲಿ ಜಾಸ್ತಿ, ಎಲ್ಲಿ ಕಡಿಮೆ ಎಂದು ಬಣ್ಣದಲ್ಲಿ ತೋರಿಸುವುದು ಗ್ರಾವಿಟಿ ನಕ್ಷೆ. ಆಸ್ಟ್ರೇಲಿಯಾದ್ದನ್ನು ತೆರೆದ ತಕ್ಷಣ ಕಣ್ಣು ಹೋಗುವುದು ಕೆಂಪು ಬಣ್ಣದ ಕಡೆಗೆ. ಇಲ್ಲಿ ಏನೋ ಇದೆ ಎಂದು ಬೆರಳಿಡಬೇಕು ಅನಿಸುತ್ತದೆ. ನಾನೂ ಹಾಗೇ ಶುರು ಮಾಡಿದ್ದೆ. ಈಗ ಯಾರಾದರೂ ಕಲಿಯಲು ಕೂತರೆ ಮೊದಲು ಹೇಳುವುದು ಇಷ್ಟೇ: ಬಣ್ಣದ ಲೇಯರ್ ಆಫ್ ಮಾಡಿ, ಅಳತೆ ತೆಗೆದ ಜಾಗಗಳ ಚುಕ್ಕಿ ಲೇಯರ್ ಹಾಕಿ. ಎಲ್ಲಿ ಚುಕ್ಕಿ ದಟ್ಟವಾಗಿದೆ, ಎಲ್ಲಿ ಹತ್ತು ಕಿಲೋಮೀಟರಿಗೆ ಒಂದಿದೆ ನೋಡಿ. ಆಮೇಲೆ ನೀವು ಹೇಳುವ ಪ್ರತಿ ಮಾತೂ ಆ ಚುಕ್ಕಿಗಳ ಮೇಲೆಯೇ ನಿಂತಿರುತ್ತದೆ.

ಚುಕ್ಕಿ ರಂಗೋಲಿ ಗೊತ್ತಲ್ವಾ? ಅವೇ ಚುಕ್ಕಿಗಳನ್ನು ಒಬ್ಬರು ಒಂದು ಥರ ಸೇರಿಸುತ್ತಾರೆ, ಇನ್ನೊಬ್ಬರು ಇನ್ನೊಂದು ಥರ. ಗ್ರಾವಿಟಿ ನಕ್ಷೆಯಲ್ಲೂ ಅಳೆದದ್ದು ಚುಕ್ಕಿಗಳಲ್ಲಿ ಮಾತ್ರ. ನಡುವಿನ ಬಣ್ಣವೆಲ್ಲ ಕಂಪ್ಯೂಟರ್ ಎಳೆದ ಗೆರೆ.

ಆಸ್ಟ್ರೇಲಿಯಾವನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಅಲ್ಲಿ ಬಹುಪಾಲು ನೆಲದ ಮೇಲೆ ಮರಳು, ಮಣ್ಣು, ಹಳೆಯ ಕಾಲದಿಂದ ಕೊಳೆತು ಪುಡಿಯಾದ ಕಲ್ಲು ಹೊದ್ದುಕೊಂಡಿದೆ. ಮೇಲೆ ನಡೆದು ನೋಡಿದರೆ ಅಡಿಯ ಬಂಡೆ ಕಾಣುವುದಿಲ್ಲ. ಹಾಗಾಗಿ ಅಲ್ಲಿನ ಸರ್ಕಾರದ ಭೂವಿಜ್ಞಾನ ಸಂಸ್ಥೆ ಹೆಲಿಕಾಪ್ಟರಿನಲ್ಲಿ ಗ್ರಾವಿಮೀಟರ್, ಅಂದರೆ ಗುರುತ್ವ ಅಳೆಯುವ ಯಂತ್ರ, ಇಟ್ಟುಕೊಂಡು, ಸುಮಾರು 11 ಕಿಲೋಮೀಟರಿಗೊಮ್ಮೆ ಇಳಿದು ಅಳತೆ ತೆಗೆಯುತ್ತಾ ಹೋಯಿತು. ದಕ್ಷಿಣ ಆಸ್ಟ್ರೇಲಿಯಾದಲ್ಲಿ ಇನ್ನೂ ಹತ್ತಿರ, 7 ಕಿಲೋಮೀಟರಿಗೊಮ್ಮೆ. 1970ರ ದಶಕದ ಮಧ್ಯದ ಹೊತ್ತಿಗೆ ಇಡೀ ಖಂಡ ಮುಗಿದಿತ್ತು. ಒಂದು ಇಡೀ ಖಂಡವನ್ನು ಹೀಗೆ ಒಂದೇ ಹದದಲ್ಲಿ, ಇಳಿದು ಹತ್ತಿ ಇಳಿದು ಹತ್ತಿ ಅಳೆದವರ ಬಗ್ಗೆ ನನಗೆ ಇವತ್ತಿಗೂ ಗೌರವ. ಆಮೇಲೆ ಬೇಕಾದ ಕಡೆ ದಟ್ಟ ಸರ್ವೆಗಳು ಸೇರಿಕೊಂಡವು. ಪಶ್ಚಿಮ ಆಸ್ಟ್ರೇಲಿಯಾದ ಎಷ್ಟೋ ಕಡೆ ವಿಮಾನದಿಂದ 2.5 ಕಿಲೋಮೀಟರ್ ಅಂತರದ ಗೆರೆಗಳಲ್ಲಿ ಅಳೆದಿದ್ದಾರೆ. ಆ ಡೇಟಾ ಎಲ್ಲ ಈಗ ಅಲ್ಲಿನ ಸರ್ಕಾರಿ ಸಂಸ್ಥೆ ಜಿಯೋಸೈನ್ಸ್ ಆಸ್ಟ್ರೇಲಿಯಾದ ಪೋರ್ಟಲ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಮನೆಯಲ್ಲಿ ಕೂತು ಒಂದು ಖಂಡದ ಹೊಟ್ಟೆ ನೋಡಬಹುದು.

ಅಳೆಯುವುದು ಏನನ್ನು?

ಭೂಮಿ ನಮ್ಮನ್ನು ಎಳೆಯುವ ಬಲ ಎಲ್ಲ ಕಡೆ ಒಂದೇ ಇಲ್ಲ. ಅಡಿಯಲ್ಲಿ ಭಾರದ ಕಲ್ಲಿದ್ದರೆ ಒಂದಿಷ್ಟು ಜಾಸ್ತಿ, ಹಗುರ ಕಲ್ಲಿದ್ದರೆ ಒಂದಿಷ್ಟು ಕಡಿಮೆ. ಆ ಒಂದಿಷ್ಟು ಅನ್ನುವುದು ತುಂಬಾ ಸಣ್ಣದು. ಅದನ್ನು ಮಿಲಿಗ್ಯಾಲ್‌ನಲ್ಲಿ ಹೇಳುತ್ತಾರೆ. ಒಂದು ಮಿಲಿಗ್ಯಾಲ್ ಎಂದರೆ ನಮ್ಮ ತೂಕದ ಸುಮಾರು ಹತ್ತು ಲಕ್ಷದಲ್ಲಿ ಒಂದು ಪಾಲು. ನಾವು ಹುಡುಕುವ ಸುಳಿವುಗಳು ಕೆಲವು ಮಿಲಿಗ್ಯಾಲ್‌ನಿಂದ ನೂರೈವತ್ತು ಮಿಲಿಗ್ಯಾಲ್‌ವರೆಗೆ ಇರುತ್ತವೆ.

ಇಲ್ಲೊಂದು ಗುಂಡಿ ಇದೆ, ಬಹಳ ಜನ ಬೀಳುತ್ತಾರೆ. ಆಸ್ಟ್ರೇಲಿಯಾದ ಡೇಟಾದಲ್ಲಿ ಸಂಖ್ಯೆಗಳು ಹೆಚ್ಚಾಗಿ ಮಿಲಿಗ್ಯಾಲ್‌ನಲ್ಲಿ ಇರುವುದಿಲ್ಲ, ಸೆಕೆಂಡಿನ ವರ್ಗಕ್ಕೆ ಮೈಕ್ರೋಮೀಟರ್ ಲೆಕ್ಕದಲ್ಲಿರುತ್ತವೆ. ಅದರಲ್ಲಿ 10 ಎಂದರೆ 1 ಮಿಲಿಗ್ಯಾಲ್. ನಾನು ಒಮ್ಮೆ ಇದನ್ನು ಗಮನಿಸದೆ ಎರಡು ಕಡೆಯ ಡೇಟಾ ಸೇರಿಸಿ, ಎರಡು ದಿನ ಒಂದು ದೊಡ್ಡ "ಬಿರುಕಿನ" ಹಿಂದೆ ಬಿದ್ದಿದ್ದೆ. ಅದು ನೆಲದಲ್ಲಿರಲಿಲ್ಲ, ಎರಡು ಫೈಲುಗಳ ಗಡಿಯಲ್ಲಿತ್ತು. ಡೌನ್‌ಲೋಡ್ ಮಾಡಿದ ಕೂಡಲೇ ಜೊತೆಗಿರುವ ವಿವರಣೆಯ ಫೈಲ್ ಓದಿ. ಯೂನಿಟ್ ಯಾವುದು, ಡೇಟಮ್ (ಅಳತೆಗೆ ಆಧಾರವಾಗಿ ಇಟ್ಟುಕೊಂಡ ಮಟ್ಟ) ಯಾವುದು, ಎತ್ತರವನ್ನು ಸಮುದ್ರಮಟ್ಟದಿಂದ ಅಳೆದರೋ, ಭೂಮಿಗೆ ಲೆಕ್ಕದಲ್ಲಿ ಕೊಟ್ಟ ನುಣುಪಾದ ಆಕಾರವಾದ ಎಲಿಪ್ಸಾಯ್ಡ್‌ನಿಂದ ಅಳೆದರೋ, ಇವನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಹಳೆಯ ಸರ್ವೆಗಳ ಡೇಟಮ್ ಬೇರೆ, ಈಗ ಬಳಸುವ 2007ರ ಆಸ್ಟ್ರೇಲಿಯಾ ಡೇಟಮ್ ಬೇರೆ. ಸುಮ್ನೆ ಬೆರೆಸಬೇಡಿ.

ಕಲ್ಲಿಗೆ ಸಂಬಂಧವಿಲ್ಲದ್ದನ್ನು ಕಳೆಯುವುದು

ಯಂತ್ರ ಕೊಟ್ಟ ಸಂಖ್ಯೆಯಲ್ಲಿ ಕಲ್ಲಿನ ಪಾಲು ತೀರಾ ಕಡಿಮೆ. ಸಮಭಾಜಕದಿಂದ ಧ್ರುವಕ್ಕೆ ಹೋದರೆ ಗುರುತ್ವ ಸುಮಾರು 5,200 ಮಿಲಿಗ್ಯಾಲ್ ಏರುತ್ತದೆ. ಇದಕ್ಕೆ ಭೂಮಿಯ ಆಕಾರ ಮತ್ತು ತಿರುಗುವಿಕೆ ಕಾರಣ, ಅಡಿಯ ಬಂಡೆಯಲ್ಲ. ಒಂದು ಮೀಟರ್ ಮೇಲೆ ಹೋದರೆ 0.3086 ಮಿಲಿಗ್ಯಾಲ್ ಇಳಿಯುತ್ತದೆ. ನೆಲದ ಮೇಲಿದ್ದ ಯಂತ್ರವನ್ನು ಮೇಜಿನ ಮೇಲಿಟ್ಟರೂ ಗೊತ್ತಾಗುತ್ತದೆ. ಚಂದ್ರ ಸೂರ್ಯರ ಎಳೆತಕ್ಕೆ ದಿನವೂ ಸುಮಾರು 0.3 ಮಿಲಿಗ್ಯಾಲ್‌ನಷ್ಟು ಏರಿಳಿತ. ಯಂತ್ರದ ಸ್ಪ್ರಿಂಗ್ ಕೂಡ ನಿಧಾನವಾಗಿ ಜಾರುತ್ತದೆ, ಅದಕ್ಕೇ ದಿನದ ಕೊನೆಗೆ ಬೆಳಗ್ಗೆ ಅಳೆದ ಜಾಗಕ್ಕೇ ವಾಪಸ್ ಹೋಗಿ ಮತ್ತೆ ಅಳೆಯುವುದು.

ಇಷ್ಟೆಲ್ಲ ಕಳೆದ ಮೇಲೆ, ಅಳತೆಯ ಜಾಗಕ್ಕೂ ಸಮುದ್ರಮಟ್ಟಕ್ಕೂ ನಡುವೆ ಇರುವ ಕಲ್ಲಿನ ಪಾಲನ್ನೂ ಕಳೆಯಬೇಕು. ಆ ಕಲ್ಲಿನ ಸಾಂದ್ರತೆ ಘನ ಸೆಂಟಿಮೀಟರಿಗೆ 2.67 ಗ್ರಾಂ ಎಂದು ಒಪ್ಪಿಕೊಂಡರೆ (ಮುಂದೆ ಬರುವ ಸಾಂದ್ರತೆಗಳೂ ಇದೇ ಲೆಕ್ಕದಲ್ಲಿ) ಮೀಟರಿಗೆ 0.1119 ಮಿಲಿಗ್ಯಾಲ್. ಅಕ್ಕಪಕ್ಕ ಬೆಟ್ಟ ಕಣಿವೆ ಇದ್ದರೆ ಅದಕ್ಕೊಂದು ತಿದ್ದುಪಡಿ. ಕೊನೆಗೆ ಉಳಿಯುವುದೇ ಬೂಗೇರ್ ಅನಾಮಲಿ. ನಮಗೆ ಬೇಕಾದದ್ದು ಇದು. ಚುಕ್ಕಿಗಳಿಗೆ ಲೆಕ್ಕ ಹಾಕಿಟ್ಟದ್ದೂ ಸಿಗುತ್ತದೆ, ಇಡೀ ದೇಶವನ್ನು ಸಣ್ಣ ಚೌಕಗಳಾಗಿ ಹಂಚಿದ ರಾಷ್ಟ್ರೀಯ ಗ್ರಿಡ್ ರೂಪದಲ್ಲೂ ಸಿಗುತ್ತದೆ. ಆದರೂ ಒಂದು ಹತ್ತು ಚುಕ್ಕಿಗಳಿಗೆ ಕೈಯಾರೆ ಲೆಕ್ಕ ಹಾಕಿ ನೋಡಿ. ಒಂದು ಮಧ್ಯಾಹ್ನದ ಕೆಲಸ. ಆ ಮೇಲೆ ಈ ಸಂಖ್ಯೆ ನಿಮಗೆ ಪರಿಚಯದ ಮುಖವಾಗುತ್ತದೆ.

ಎತ್ತರದ ಬಗ್ಗೆ ಸ್ವಲ್ಪ ನಿಲ್ಲಬೇಕು. ಹಳೆಯ ಹೆಲಿಕಾಪ್ಟರ್ ಸರ್ವೆಗಳಲ್ಲಿ ಎತ್ತರವನ್ನು ಅಳೆದದ್ದು ಗಾಳಿಯ ಒತ್ತಡದಿಂದ, ಬ್ಯಾರೋಮೀಟರಿನಲ್ಲಿ. ಜಿಪಿಎಸ್ ಇರಲಿಲ್ಲ. ಎತ್ತರದಲ್ಲಿ 5 ಮೀಟರ್ ತಪ್ಪಾದರೆ ಬೂಗೇರ್ ಮೌಲ್ಯದಲ್ಲಿ ಸುಮಾರು 1 ಮಿಲಿಗ್ಯಾಲ್ ತಪ್ಪು. ಗ್ರಾವಿಮೀಟರ್ ಎಷ್ಟೇ ಚೆನ್ನಾಗಿದ್ದರೂ ಈ ತಪ್ಪು ಉಳಿಯುತ್ತದೆ. ಆದ್ದರಿಂದ ಹಳೆಯ ಚುಕ್ಕಿಗಳಿರುವ ಕಡೆ ಒಂದು ಎರಡು ಮಿಲಿಗ್ಯಾಲ್‌ನ ಉಬ್ಬು ಕಂಡರೆ ಅದರ ಮೇಲೆ ಕಥೆ ಕಟ್ಟಬೇಡಿ. ಒಂದೇ ಒಂದು ಚುಕ್ಕಿಯ ಸುತ್ತ ದುಂಡನೆಯ ಕಣ್ಣಿನಂತೆ ಬಣ್ಣ ಕೂತಿದ್ದರೆ ಮೊದಲು ಆ ಚುಕ್ಕಿಯನ್ನು ಅನುಮಾನಿಸಿ, ಆಮೇಲೆ ಬಂಡೆಯನ್ನು.

ಇನ್ನೊಂದು ವಿಷಯ. ಎತ್ತರದ ಬೆಟ್ಟಸೀಮೆಯಲ್ಲಿ ಬೂಗೇರ್ ಮೌಲ್ಯ ತುಂಬಾ ಕೆಳಗಿಳಿಯುತ್ತದೆ. ಬೆಟ್ಟಕ್ಕೆ ಅಡಿಯಲ್ಲಿ ಹಗುರವಾದ ಬೇರು ಇರುತ್ತದೆ, ನೀರಿನಲ್ಲಿ ತೇಲುವ ಮರದ ದಿಮ್ಮಿಗೆ ಇರುವಂತೆ. ಈ ತಿಳಿವಳಿಕೆ ಹುಟ್ಟಿದ್ದು ನಮ್ಮ ದೇಶದ ಅಳತೆಯಿಂದಲೇ. ಹಿಮಾಲಯದ ಕಡೆಗೆ ತೂಗುಗುಂಡು ಎಷ್ಟು ವಾಲಬೇಕು ಎಂದು ಗಣಿತ ಬಲ್ಲ ಪಾದ್ರಿ ಪ್ರ್ಯಾಟ್ ಲೆಕ್ಕ ಹಾಕಿದರೆ, ಸರ್ವೆಯಲ್ಲಿ ಸಿಕ್ಕ ವ್ಯತ್ಯಾಸ ಅದರ ಮೂರನೇ ಒಂದು ಭಾಗದಷ್ಟು ಮಾತ್ರ ಇತ್ತು. ಅದನ್ನು ವಿವರಿಸಲು 1855ರಲ್ಲಿ ಖಗೋಳ ವಿಜ್ಞಾನಿ ಜಾರ್ಜ್ ಏರಿ ಈ ಬೇರಿನ ಮಾತು ಹೇಳಿದರು. ಆಸ್ಟ್ರೇಲಿಯಾ ಚಪ್ಪಟೆ ಖಂಡ, ಅಲ್ಲಿ ಇದರ ಕಾಟ ಕಡಿಮೆ. ಆಗ್ನೇಯದ ಬೆಟ್ಟಸಾಲಿನಲ್ಲಿ ಮಾತ್ರ ನೆನಪಿಡಿ.

ಚುಕ್ಕಿಗಳನ್ನು ಸೇರಿಸುವುದು

ಸಾಧನಗಳು ಎಲ್ಲ ಉಚಿತ. ನಕ್ಷೆಗೆ ಕ್ಯೂಜಿಐಎಸ್ ಎಂಬ ತಂತ್ರಾಂಶ ಸಾಕು. ಲೆಕ್ಕಕ್ಕೆ ಪೈಥಾನ್‌ನಲ್ಲಿ ಫಾಚಿಯಾಂಡೊ ಎಂಬ ಬಳಗದ ವರ್ಡೆ ಮತ್ತು ಹಾರ್ಮೋನಿಕಾ ಎಂಬ ಲೈಬ್ರರಿಗಳಿವೆ. ಬಳಗದ ಪೂರ್ತಿ ಹೆಸರಿಗೆ ಪೋರ್ಚುಗೀಸಿನಲ್ಲಿ "ಭೂಮಿಯನ್ನು ಹೋಳು ಮಾಡುವುದು" ಎಂದರ್ಥ, ನನಗೆ ಬಹಳ ಇಷ್ಟವಾದ ಹೆಸರು. ಮೊದಲ ಕೆಲಸ ಅಕ್ಷಾಂಶ ರೇಖಾಂಶಗಳನ್ನು ಮೀಟರಿಗೆ ಬದಲಿಸುವುದು. ಇಡೀ ಖಂಡಕ್ಕೆ ಆಸ್ಟ್ರೇಲಿಯನ್ ಆಲ್ಬರ್ಸ್ ಎಂಬ ನಕ್ಷಾ ಪ್ರಕ್ಷೇಪ, ಅಂದರೆ ಇಪಿಎಸ್‌ಜಿ 3577, ಒಳ್ಳೆಯ ಆಯ್ಕೆ. ಡಿಗ್ರಿಯಲ್ಲೇ ಬಿಟ್ಟು ಇಳಿಜಾರು, ಅಂದರೆ ಗುರುತ್ವ ಎಷ್ಟು ಕಡಿದಾಗಿ ಬದಲಾಗುತ್ತದೆ ಎಂದು, ಲೆಕ್ಕ ಹಾಕಿದರೆ ಉತ್ತರ ದಕ್ಷಿಣ ಒಂದು ಅಳತೆ, ಪೂರ್ವ ಪಶ್ಚಿಮ ಇನ್ನೊಂದು ಅಳತೆ ಆಗಿ ಎಲ್ಲ ಗೆರೆಯೂ ಸೊಟ್ಟಗಾಗುತ್ತದೆ.

ಗ್ರಿಡ್‌ನ ಚೌಕ ಎಷ್ಟು ದೊಡ್ಡದಿರಬೇಕು? ಚುಕ್ಕಿಗಳ ಅಂತರದ ನಾಲ್ಕನೇ ಒಂದು ಭಾಗದ ಆಸುಪಾಸು ಇಟ್ಟುಕೊಳ್ಳಿ. 11 ಕಿಲೋಮೀಟರ್ ಅಂತರವಿದ್ದರೆ ಎರಡೂವರೆ ಮೂರು ಕಿಲೋಮೀಟರ್. ಚೌಕವನ್ನು 200 ಮೀಟರಿಗೆ ಇಳಿಸಿದರೆ ನಕ್ಷೆ ನುಣುಪಾಗಿ ಚೆಂದ ಕಾಣುತ್ತದೆ, ಹೊಸ ವಿಷಯ ಏನೂ ಬರುವುದಿಲ್ಲ. ರಾಷ್ಟ್ರೀಯ ಗ್ರಿಡ್ ಡೌನ್‌ಲೋಡ್ ಮಾಡುವವರು ಇಲ್ಲೇ ಮೋಸ ಹೋಗುವುದು. ಅದರ ಚೌಕ ಸಣ್ಣದು, ಯಾಕೆಂದರೆ ಕೆಲವು ಕಡೆ ಚುಕ್ಕಿಗಳು ನಿಜವಾಗಿಯೂ ದಟ್ಟವಾಗಿವೆ. ಅದೇ ಫೈಲಿನಲ್ಲಿ ಮರುಭೂಮಿಯ ನಡುವೆ ಚುಕ್ಕಿಗಳು 11 ಕಿಲೋಮೀಟರ್ ದೂರದೂರ ಇರುತ್ತವೆ, ಆದರೆ ಬಣ್ಣ ಎರಡೂ ಕಡೆ ಒಂದೇ ನುಣುಪು. 11 ಕಿಲೋಮೀಟರ್ ಅಂತರದ ಚುಕ್ಕಿಗಳಿಂದ 22 ಕಿಲೋಮೀಟರಿಗಿಂತ ಸಣ್ಣ ಏರಿಳಿತದ ಅಲೆಯನ್ನು ಹಿಡಿಯಲು ಸಾಧ್ಯವಿಲ್ಲ. ಐದು ಕಿಲೋಮೀಟರ್ ಅಗಲದ, ಭಾರದ ಹಳೆಯ ಹಸಿರು ಕಲ್ಲಿನ ಒಂದು ಗ್ರೀನ್‌ಸ್ಟೋನ್ ಪಟ್ಟಿ ಎರಡು ಚುಕ್ಕಿಗಳ ನಡುವೆ ಪೂರ್ತಿ ತಪ್ಪಿಸಿಕೊಳ್ಳಬಹುದು, ಇಲ್ಲವೇ ಒಂದೇ ಚುಕ್ಕಿಗೆ ಸಿಕ್ಕಿ ಇಲ್ಲದ ಆಕಾರ ತೋರಿಸಬಹುದು.

ನಾನು ಮಾಡುವ ಒಂದು ಸಣ್ಣ ಉಪಾಯ: ಪ್ರತಿ ಚೌಕಕ್ಕೂ ಹತ್ತಿರದ ಚುಕ್ಕಿ ಎಷ್ಟು ದೂರ ಎಂದು ಲೆಕ್ಕ ಹಾಕಿ, ದೂರ ಜಾಸ್ತಿ ಇರುವ ಕಡೆ ಬಣ್ಣವನ್ನು ಮಸುಕು ಮಾಡುತ್ತೇನೆ. ನಕ್ಷೆ ಅಷ್ಟು ಚೆಂದ ಕಾಣುವುದಿಲ್ಲ. ಆದರೆ ಎಲ್ಲಿ ಎಷ್ಟು ನಂಬಬೇಕು ಎನ್ನುವುದು ಕಣ್ಣಿಗೇ ಗೊತ್ತಾಗುತ್ತದೆ.

ಬೆಳಕು ಬಿಟ್ಟು ಉಬ್ಬುತಗ್ಗು ತೋರಿಸುವ ಶೇಡಿಂಗ್ ಬಳಸುತ್ತೀರಾದರೆ ಬೆಳಕನ್ನು ನಾಲ್ಕು ದಿಕ್ಕಿನಿಂದ ಬಿಟ್ಟು ನೋಡಿ. ಬೆಳಕು ಬರುವ ದಿಕ್ಕಿನಲ್ಲೇ ಚಾಚಿಕೊಂಡ ಗೆರೆಗಳು ಮಾಯವಾಗುತ್ತವೆ.

ಆಳದ್ದು ಬೇರೆ, ಮೇಲಿನದ್ದು ಬೇರೆ

ಬೂಗೇರ್ ನಕ್ಷೆಯಲ್ಲಿ 40 ಕಿಲೋಮೀಟರ್ ಆಳದ ಸುದ್ದಿಯೂ 400 ಮೀಟರ್ ಆಳದ ಸುದ್ದಿಯೂ ಒಂದರ ಮೇಲೊಂದು ಕೂತಿರುತ್ತವೆ. ದೂರದ ಡೋಲಿನ ಸದ್ದು ಮಂದವಾಗಿ ಹರಡಿ ಕೇಳುವ ಹಾಗೆ, ಆಳದ ಬಂಡೆಯ ಸುಳಿವು ಅಗಲವಾಗಿ ಮೆತ್ತಗೆ ಇರುತ್ತದೆ. ಮೇಲಿನ ಬಂಡೆಯದ್ದು ಚೂಪು. ಬೇರ್ಪಡಿಸಲು ಮೇಲಕ್ಕೆತ್ತುವ ಲೆಕ್ಕ ಮಾಡುತ್ತಾರೆ. ಅಂದರೆ, ಇದೇ ಗುರುತ್ವವನ್ನು 20 ಕಿಲೋಮೀಟರ್ ಎತ್ತರದಲ್ಲಿ ಅಳೆದಿದ್ದರೆ ಹೇಗಿರುತ್ತಿತ್ತು ಎಂದು ಲೆಕ್ಕ ಹಾಕುವುದು. 20 ಕಿಲೋಮೀಟರ್ ಎತ್ತಿದರೆ ಹೆಚ್ಚುಕಡಿಮೆ 10 ಕಿಲೋಮೀಟರಿಗಿಂತ ಆಳದ ಸುದ್ದಿ ಉಳಿಯುತ್ತದೆ ಎಂಬುದು ಬಳಕೆಯ ಅಂದಾಜು. ಅದನ್ನು ಮೂಲದಿಂದ ಕಳೆದರೆ ಮೇಲಿನ ಪದರದ ಚಿತ್ರ ಸಿಗುತ್ತದೆ.

ಆದರೆ ಎಚ್ಚರ. ಆಳದಲ್ಲಿರುವುದು ಚೂಪಾದ ಸುಳಿವು ಕೊಡಲಾರದು, ಆದರೆ ಮೇಲಿರುವುದು ಅಗಲವಾದ ಸುಳಿವನ್ನೂ ಕೊಡಬಲ್ಲದು. ತೆಳ್ಳಗೆ ಅಗಲವಾಗಿ ಹರಡಿದ ಒಂದು ಮರಳುಗಲ್ಲಿನ ತಟ್ಟೆ ನಕ್ಷೆಯಲ್ಲಿ ಆಳದ ಬಂಡೆಯಂತೆಯೇ ಕಾಣುತ್ತದೆ.

ಅಂಚುಗಳನ್ನು ಹುಡುಕಲು ಇಳಿಜಾರಿನ ಲೆಕ್ಕ ಮಾಡಿ. ಭಾರದ ಕಲ್ಲೂ ಹಗುರ ಕಲ್ಲೂ ನೆಟ್ಟಗೆ ಒಂದನ್ನೊಂದು ತಾಗಿರುವ ಕಡೆ ಗುರುತ್ವ ಕಡಿದಾಗಿ ಬದಲಾಗುತ್ತದೆ, ಆ ಕಡಿದಾದ ಗೆರೆಯೇ ಸುಮಾರಾಗಿ ಗಡಿ. ಬೇರೆಬೇರೆ ಎತ್ತರಕ್ಕೆ ಎತ್ತಿ ಪ್ರತಿ ಸಲವೂ ಈ ಗೆರೆಯನ್ನು ಗುರುತಿಸಿ ಒಂದೇ ನಕ್ಷೆಯಲ್ಲಿ ಹಾಕಿ. ಎತ್ತರ ಹೆಚ್ಚಿದಂತೆ ಗೆರೆ ಪಕ್ಕಕ್ಕೆ ಸರಿದರೆ ಗಡಿ ಆ ಕಡೆಗೆ ವಾಲಿಕೊಂಡು ಇಳಿಯುತ್ತಿರಬಹುದು. ಸರಿಯದೆ ನಿಂತಲ್ಲೇ ನಿಂತರೆ ನೆಟ್ಟಗೆ ಇಳಿಯುತ್ತಿರಬಹುದು. ನನಗೆ ಈ ಇಡೀ ಕೆಲಸದಲ್ಲಿ ಅತ್ಯಂತ ಖುಷಿ ಕೊಡುವ ಭಾಗ ಇದು, ಚಪ್ಪಟೆ ನಕ್ಷೆಗೆ ಆಳ ಬರುವುದು ಇಲ್ಲೇ.

ಬಣ್ಣಕ್ಕೆ ಕಲ್ಲಿನ ಹೆಸರು ಇಡುವುದು

ಗ್ರಾವಿಟಿಗೆ ಕಲ್ಲಿನ ಹೆಸರು ಗೊತ್ತಿಲ್ಲ, ಭಾರ ಮಾತ್ರ ಗೊತ್ತು. ಗ್ರಾನೈಟ್ ಸುಮಾರು 2.65. ಬಸಾಲ್ಟ್, ಗ್ಯಾಬ್ರೋ 2.9ರಿಂದ 3.0. ಮರಳುಗಲ್ಲು 2.3ರಿಂದ 2.6. ಉಪ್ಪಿನ ಪದರ 2.2ರ ಹತ್ತಿರ. ಕಬ್ಬಿಣದ ಅದಿರಾದ ಹೆಮಟೈಟ್ 5ರ ಆಸುಪಾಸು. ಭೂಮಿಯ ಹೊರಪದರದ ಅಡಿಯ ಮ್ಯಾಂಟಲ್ 3.3. ಇವನ್ನು ಇಟ್ಟುಕೊಂಡು ಪಶ್ಚಿಮದ ಯಿಲ್ಗಾರ್ನ್ ಪ್ರದೇಶ ನೋಡಿ. ಉತ್ತರ ವಾಯವ್ಯಕ್ಕೆ ಚಾಚಿದ ಉದ್ದುದ್ದ ಏರುಗಳು ಗ್ರೀನ್‌ಸ್ಟೋನ್ ಪಟ್ಟಿಗಳು, ನಡುವಿನ ಇಳಿವುಗಳು ಗ್ರಾನೈಟ್. ಕಲ್ಗೂರ್ಲಿಯ ಚಿನ್ನ ಇರುವುದು ಅಂಥ ಒಂದು ಪಟ್ಟಿಯಲ್ಲಿ. ನಮ್ಮ ಕೋಲಾರ, ಹಟ್ಟಿಯ ಚಿನ್ನವೂ ಅದೇ ಜಾತಿಯ ಹಳೆಯ ಪಟ್ಟಿಗಳಲ್ಲೇ ಇರುವುದು. ರಾಮನಗರದ ಬಂಡೆಗಳನ್ನೂ ಚಿತ್ರದುರ್ಗದ ಕಡೆಯ ಕಪ್ಪು ಹಸಿರು ಕಲ್ಲುಗಳನ್ನೂ ಕೈಯಲ್ಲಿ ಎತ್ತಿ ನೋಡಿದವರಿಗೆ ಯಿಲ್ಗಾರ್ನ್ ನಕ್ಷೆ ಬೇಗ ಅರ್ಥವಾಗುತ್ತದೆ.

ಯಿಲ್ಗಾರ್ನ್‌ನ ಆಗ್ನೇಯ ಅಂಚಿನಲ್ಲಿ ಒಂದು ಉದ್ದನೆಯ ಚೂಪಾದ ಏರು ಇದೆ, ಫ್ರೇಸರ್ ವಲಯ. ಅದು ಗ್ಯಾಬ್ರೋದಂಥ ಭಾರದ ಕಲ್ಲುಗಳ ಪಟ್ಟಿ. ಹಳೆಯ ಖಂಡದ ತುಂಡು ಎಲ್ಲಿ ಮುಗಿಯುತ್ತದೆ ಎಂದು ನೋಡಲು ಆರಂಭಿಕರಿಗೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ.

ಈಗ ಒಂದು ಲೆಕ್ಕ. ಅಗಲವಾದ ಪದರಕ್ಕೆ ಸೂತ್ರ ಸುಲಭ: 0.0419 ಗುಣಿಸು ಸಾಂದ್ರತೆಯ ವ್ಯತ್ಯಾಸ, ಗುಣಿಸು ದಪ್ಪ ಮೀಟರಿನಲ್ಲಿ. ಸುತ್ತಲ ಬಂಡೆಗಿಂತ 0.2 ಹಗುರವಾದ ಮರಳುಗಲ್ಲು 3 ಕಿಲೋಮೀಟರ್ ದಪ್ಪ ತುಂಬಿದ್ದರೆ ಸುಮಾರು 25 ಮಿಲಿಗ್ಯಾಲ್ ಇಳಿವು. ಹಗುರ ಕಲ್ಲು 0.4 ಹೆಚ್ಚು ಭಾರದ ಮ್ಯಾಂಟಲ್‌ಗೆ 1 ಕಿಲೋಮೀಟರ್ ಜಾಗ ಬಿಟ್ಟುಕೊಟ್ಟರೆ ಸುಮಾರು 17 ಮಿಲಿಗ್ಯಾಲ್ ಏರು. ಈ ಎರಡು ಸಂಖ್ಯೆ ತಲೆಯಲ್ಲಿದ್ದರೆ ಸಾಕು, ಯಾವ ವಿವರಣೆ ಸಾಧ್ಯ, ಯಾವುದು ಅಸಾಧ್ಯ ಎಂದು ಅಲ್ಲೇ ಗೊತ್ತಾಗುತ್ತದೆ.

ಖಂಡದ ನಟ್ಟನಡುವೆ ಹೋಗಿ. ಅಲ್ಲಿ ಪೂರ್ವ ಪಶ್ಚಿಮವಾಗಿ ಏರು, ಇಳಿವು, ಏರು, ಇಳಿವು ಎಂದು ದೊಡ್ಡ ಪಟ್ಟೆಗಳಿವೆ. ವ್ಯತ್ಯಾಸ ಸುಮಾರು 150 ಮಿಲಿಗ್ಯಾಲ್. ಖಂಡಗಳ ಒಳಗೆ ಸಿಗುವ ಅತಿ ದೊಡ್ಡ ಗ್ರಾವಿಟಿ ವ್ಯತ್ಯಾಸಗಳಲ್ಲಿ ಇದೂ ಒಂದು. ಮಸ್‌ಗ್ರೇವ್ ಪ್ರದೇಶದಲ್ಲಿ ಏರು, ಅದರ ಉತ್ತರದ ಅಮೇಡಿಯಸ್ ಜಲಾನಯನದಲ್ಲಿ ಇಳಿವು. ಉಲುರು ಬಂಡೆ ಇರುವುದು ಈ ಅಮೇಡಿಯಸ್‌ನ ದಕ್ಷಿಣ ಭಾಗದಲ್ಲಿ. ಮರಳುಗಲ್ಲಿನಿಂದಲೇ 150 ಬರುತ್ತದಾ? ಮೇಲಿನ ಸೂತ್ರ ಹಾಕಿ. 0.2 ವ್ಯತ್ಯಾಸಕ್ಕೆ ಸುಮಾರು 18 ಕಿಲೋಮೀಟರ್ ದಪ್ಪ ಬೇಕು. ಅಷ್ಟು ಅಲ್ಲಿಲ್ಲ. ಉಳಿದದ್ದು ಆಳದಿಂದ ಬರಬೇಕು. ಭೂಕಂಪದ ಅಲೆಗಳ ಅಧ್ಯಯನವೂ ಅದನ್ನೇ ತೋರಿಸಿದೆ: ಹಳೆಯ ಕಾಲದ ಒತ್ತಡಕ್ಕೆ ಖಂಡದ ನಡುಭಾಗ ಮುರಿದು, ದೊಡ್ಡ ಬಿರುಕುಗಳ ಮೇಲೆ ಆಳದ ಭಾರದ ಕಲ್ಲು ಮೇಲೆ ಜಾರಿ, ಮೋಹೋ ಎಂಬ ಹೊರಪದರದ ತಳದ ಗಡಿಯೇ ಹತ್ತಾರು ಕಿಲೋಮೀಟರ್ ಏರುಪೇರಾಗಿದೆ. ಕೋಟ್ಯಂತರ ವರ್ಷ ಕಳೆದರೂ ಅದು ಸಮವಾಗಿಲ್ಲ. ಇಷ್ಟು ದೊಡ್ಡ ಸುಳಿವಿಗೆ 11 ಕಿಲೋಮೀಟರ್ ಅಂತರದ ಹಳೆಯ ಚುಕ್ಕಿಗಳೇ ಧಾರಾಳವಾಗಿ ಸಾಕು.

ಒಂದೇ ಸುಳಿವು, ಹಲವು ಉತ್ತರ

ಯಾವ ಗ್ರಾವಿಟಿ ಸುಳಿವಿಗೂ ಲೆಕ್ಕ ಹೊಂದುವ ಉತ್ತರ ಎಷ್ಟು ಬೇಕಾದರೂ ಕಟ್ಟಬಹುದು. ಇದಕ್ಕೆ ನಾನು ಕೊಡುವ ಉದಾಹರಣೆ ದಕ್ಷಿಣ ಆಸ್ಟ್ರೇಲಿಯಾದ ಒಲಿಂಪಿಕ್ ಡ್ಯಾಮ್. ಅಲ್ಲಿ ನೆಲದ ಮೇಲೆ ಏನೂ ಕಾಣುವುದಿಲ್ಲ, ಅದಿರಿನ ಮೇಲೆ 300 ಮೀಟರಿಗೂ ಹೆಚ್ಚು ದಪ್ಪದ ಪದರಗಲ್ಲು ಕೂತಿದೆ. ಒಂದು ಗಣಿ ಕಂಪನಿಯ ತಂಡ ಸರ್ಕಾರದ ಗ್ರಾವಿಟಿ ಮತ್ತು ಮ್ಯಾಗ್ನೆಟಿಕ್ (ಕಲ್ಲುಗಳ ಕಾಂತಗುಣ ತೋರಿಸುವ) ನಕ್ಷೆಗಳಲ್ಲಿ ಎರಡರ ಏರೂ ಹತ್ತಿರ ಹತ್ತಿರ ಬಂದ ಜಾಗ ನೋಡಿತು. ಅಡಿಯಲ್ಲಿ ಬಸಾಲ್ಟ್ ಇರಬಹುದು, ಅದರಿಂದ ಹೊರಟ ತಾಮ್ರ ಮೇಲಿನ ಪದರಗಲ್ಲಿನಲ್ಲಿ ಸೇರಿರಬಹುದು ಎಂಬುದು ಅವರ ಊಹೆ. 1975ರಲ್ಲಿ ಕೊರೆದರು. ತಾಮ್ರ ಸಿಕ್ಕಿತು. ಆದರೆ ಗ್ರಾವಿಟಿಯ ಏರಿಗೆ ಕಾರಣ ಬಸಾಲ್ಟ್ ಆಗಿರಲಿಲ್ಲ, ಹೆಮಟೈಟ್ ತುಂಬಿದ ಒಡೆದ ಗ್ರಾನೈಟ್ ಆಗಿತ್ತು. ಜಗತ್ತಿನ ಅತಿ ದೊಡ್ಡ ತಾಮ್ರ, ಚಿನ್ನ, ಯುರೇನಿಯಂ ನಿಕ್ಷೇಪಗಳಲ್ಲಿ ಒಂದು ಹೀಗೆ ಸಿಕ್ಕಿತು. ಗ್ರಾವಿಟಿ ಜಾಗವನ್ನು ಸರಿಯಾಗಿ ತೋರಿಸಿತು. ಕಲ್ಲು ಯಾವುದೆಂದು ಹೇಳಿದ್ದು ನೆಲಕ್ಕೆ ಕೊರೆದ ಕೊಳವೆ.

ಹಾಗಾಗಿ ಅಡಿಯಲ್ಲಿ ಯಾವ ಕಲ್ಲು ಎಷ್ಟು ಆಳದಲ್ಲಿದೆ ಎಂಬ ಮಾದರಿಯನ್ನು ನೀವು ಕಟ್ಟುವಾಗ ಒಂದನ್ನೇ ಕಟ್ಟಬೇಡಿ. ಒಂದು ಗೆರೆ ಆರಿಸಿಕೊಳ್ಳಿ, ಸಾಧ್ಯವಾದರೆ ಭೂಕಂಪದ ಅಲೆಗಳ ಸರ್ವೆ ಆಗಿರುವ ಗೆರೆಯನ್ನೇ. ಅದರ ಮೇಲಿನ ಬೂಗೇರ್ ಮೌಲ್ಯಕ್ಕೆ ಹೊಂದುವಂತೆ ಎರಡು ಬೇರೆ ಮಾದರಿ ಕಟ್ಟಿ: ಒಂದರಲ್ಲಿ ಕಾರಣ ಆಳದಲ್ಲಿರಲಿ, ಇನ್ನೊಂದರಲ್ಲಿ ಮೇಲಿರಲಿ. ಸಾಂದ್ರತೆಯನ್ನು ಮನಸ್ಸಿಗೆ ಬಂದಂತೆ ಇಡಬೇಡಿ, ಆ ಪ್ರದೇಶದ ಕೊಳವೆಗಳಿಂದ ತೆಗೆದ ಕಲ್ಲಿನ ಅಳತೆ ಹುಡುಕಿ ಅದರ ಮಿತಿಯೊಳಗೆ ಇಡಿ. ಮ್ಯಾಗ್ನೆಟಿಕ್ ನಕ್ಷೆಯನ್ನು ಪಕ್ಕದಲ್ಲಿಟ್ಟು ನೋಡಿ. ಆಮೇಲೆ ಎರಡೂ ಮಾದರಿಗಳು ಎಲ್ಲಿ ಅತಿ ಹೆಚ್ಚು ಬೇರೆಯಾಗಿವೆಯೋ ಆ ಜಾಗದಲ್ಲಿ ಈಗಾಗಲೇ ಕೊರೆದ ಕೊಳವೆ ಇದೆಯಾ ಎಂದು ರಾಜ್ಯಗಳ ಭೂವಿಜ್ಞಾನ ಇಲಾಖೆಗಳ ದಾಖಲೆಯಲ್ಲಿ ಹುಡುಕಿ. ಆಸ್ಟ್ರೇಲಿಯಾದಲ್ಲಿ ಕಂಪನಿಗಳ ಹಳೆಯ ವರದಿಗಳು ಬಹಳಷ್ಟು ಸಾರ್ವಜನಿಕವಾಗಿ ಸಿಗುತ್ತವೆ. ಎಷ್ಟೋ ಸಲ ಉತ್ತರ ಅಲ್ಲೇ, ಐವತ್ತು ವರ್ಷದ ಹಿಂದೆ ಟೈಪ್ ಮಾಡಿದ ಒಂದು ಪುಟದಲ್ಲಿ ಇರುತ್ತದೆ.

ನಕ್ಷೆ ಯಾರಿಗಾದರೂ ಕಳಿಸುವ ಮೊದಲು ಅದರ ಮೂಲೆಯಲ್ಲಿ ನಾಲ್ಕು ವಿಷಯ ಬರೆಯಿರಿ: ಯೂನಿಟ್, ಡೇಟಮ್, ಬಳಸಿದ ಸಾಂದ್ರತೆ, ಚುಕ್ಕಿಗಳ ಅಂತರ. ಮತ್ತೆ ಆ ಚುಕ್ಕಿ ಲೇಯರ್, ಸಣ್ಣದಾಗಿ ಬೂದು ಬಣ್ಣದಲ್ಲಿ ಇದ್ದರೂ ಸರಿ, ನಕ್ಷೆಯ ಮೇಲೆ ಆನ್ ಆಗಿಯೇ ಇರಲಿ.